ಮಲ್ಪೆಯ ಎರಡು ಬಿಳಿ ಕುದುರೆ: ಒಂದು ಗ್ರೇ, ಇನ್ನೊಂದು ಯಾವುದು?

ಮಲ್ಪೆ ಬೀಚಿನಲ್ಲಿ ನೀವು ಎರಡು ಬಿಳಿ ಕುದುರೆ ನೋಡಿದಿರಿ. ಒಂದರ ಮೂತಿ ಕಪ್ಪು. ಕುದುರೆಯವರು ಅದನ್ನು ‘ಗ್ರೇ’ ಅಂದರು. ಇನ್ನೊಂದರ ಮೂತಿ ಗುಲಾಬಿ, ಕಣ್ಣು ನೀಲಿ, ಮೈ ಸ್ವಲ್ಪ ಕೆನೆ ಬಣ್ಣ. ಅಷ್ಟು ಬೆಳ್ಳಗಿರುವುದನ್ನು ಗ್ರೇ ಅನ್ನುವುದು ಯಾಕೆ, ಆ ಇನ್ನೊಂದು ಆಲ್ಬಿನೊನಾ ಅಂತ ಕೇಳಿದ್ದೀರಿ.

ಕುದುರೆಯವರು ಹೇಳಿದ್ದು ಸರಿ. ಎರಡನೆಯದು ಆಲ್ಬಿನೊ ಅಲ್ಲ.

ನಾನು ಉಡುಪಿಯವನು. ಬೆಂಗಳೂರಿನ ಒಂದು ಲಾಯದಲ್ಲಿ ಹನ್ನೊಂದು ವರ್ಷ ಕುದುರೆ ನೋಡಿಕೊಂಡು ಊರಿಗೆ ಮರಳಿದೆ. ಕುದುರೆಯ ಬಣ್ಣ ಹೇಳಬೇಕಾದರೆ ಮೊದಲು ಚರ್ಮ ನೋಡಬೇಕು, ಕೂದಲು ಆಮೇಲೆ. ಅಲ್ಲಿ ನಾನು ಮೊದಲು ಕಲಿತದ್ದೇ ಇದನ್ನು. ಮೂತಿ, ಕಣ್ಣಿನ ಸುತ್ತ, ಬಾಲದ ಅಡಿ, ಈ ಜಾಗಗಳಲ್ಲಿ ಕೂದಲು ತೆಳು. ಚರ್ಮ ಚೆನ್ನಾಗಿ ಕಾಣುತ್ತದೆ. ಮೈ ಬೆಳ್ಳಗಿದ್ದು ಚರ್ಮ ಕಪ್ಪಗಿದ್ದರೆ ಅದು ಗ್ರೇ. ನಾವು ಬಿಳಿ ಕುದುರೆ ಅಂತ ಕರೆಯುವುದರಲ್ಲಿ ಹೆಚ್ಚಿನವು ಇವೇ.

ಗ್ರೇ ಕುದುರೆ ಬಿಳಿಯಾಗಿ ಹುಟ್ಟುವುದಿಲ್ಲ. ಕಪ್ಪೋ, ಕಂದೋ, ಕೆಂಚೋ ಆಗಿ ಹುಟ್ಟುತ್ತದೆ. ನಮ್ಮ ತಲೆ ನರೆತ ಹಾಗೆ ಅದರ ಮೈಯೆಲ್ಲ ನರೆಯುತ್ತದೆ. ಅದೂ ಮುಪ್ಪಿಗೆ ಕಾಯದೆ ಮರಿಯಾಗಿದ್ದಾಗಲೇ ಶುರು. ಮೊದಲು ಕಣ್ಣಿನ ಸುತ್ತ ಕನ್ನಡಕ ಇಟ್ಟ ಹಾಗೆ ಬಿಳಿ ಕೂದಲು ಬರುತ್ತದೆ. ಆಮೇಲೆ ಮುಖ. ಕೆಲವು ವರ್ಷ ಕಳೆದರೆ ಸೊಂಟದ ಹಿಂದೆ ದುಂಡು ದುಂಡು ತಿಳಿ ಮಚ್ಚೆ, ಅದರ ಸುತ್ತ ಕಪ್ಪು ಬಲೆ. ಕಾವಲಿಯಿಂದ ಆಗಷ್ಟೇ ಎತ್ತಿದ ನೀರುದೋಸೆಯ ಕಣ್ಣುಗಳ ಹಾಗೆ. ಇದು ಡ್ಯಾಪಲ್ ಗ್ರೇ. ನನಗೆ ಕುದುರೆಯ ಬಣ್ಣಗಳಲ್ಲೆಲ್ಲ ಇದೇ ಚೆಂದ, ಆದರೆ ಉಳಿಯುವುದಿಲ್ಲ. ಆರರಿಂದ ಎಂಟು ವರ್ಷದೊಳಗೆ ಹೆಚ್ಚಿನವು ಪೂರ್ತಿ ಬೆಳ್ಳಗಾಗುತ್ತವೆ. ಕೆಲವಕ್ಕೆ ಎಳ್ಳು ಚೆಲ್ಲಿದ ಹಾಗೆ ಕೆಂಪು-ಕಂದು ಚುಕ್ಕಿ ಮೂಡುತ್ತದೆ. ಅದಕ್ಕೆ ಫ್ಲೀ-ಬಿಟನ್ ಗ್ರೇ ಅಂತ ಹೆಸರು. ಚಿಗಟ ಕಚ್ಚಿದ್ದು ಅಂತ ಅರ್ಥ. ಆದರೆ ನಿಜವಾದ ಚಿಗಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ತುಳುವಿನಲ್ಲಿ ಬೆಳ್ಳಗಿನ ಎತ್ತು, ಕೋಣಕ್ಕೆ ಬೊಳ್ಳ ಅನ್ನುತ್ತೇವೆ. ಕಣ್ಣಿಗೆ ಕಂಡ ಬಣ್ಣವೇ ಹೆಸರು. ಕುದುರೆಯಲ್ಲಿ ಹಾಗಲ್ಲ ನೋಡಿ. ಗ್ರೇ ಅಂದರೆ ಹೀಗೆ ನರೆಯುತ್ತಾ ಹೋಗುವ ಕುದುರೆ ಅಂತ ಲೆಕ್ಕ. ಕಪ್ಪಗಿರುವ ಮರಿಯೂ ಗ್ರೇ ಆಗಿರಬಹುದು, ಹಾಲಿನಂತಿರುವ ಮುದಿ ಕುದುರೆಯೂ ಗ್ರೇಯೇ. ಇದರ ಕಾರಣ ಗೊತ್ತಾದದ್ದು 2008ರಲ್ಲಿ. ಎಸ್‌ಟಿಎಕ್ಸ್17 ಅನ್ನುವ ಜೀನಿನೊಳಗೆ ಒಂದು ಸಣ್ಣ ತುಂಡು ಮತ್ತೆ ನಕಲಾಗಿ ಕೂತಿದೆ. ತಂದೆ ತಾಯಿಯಲ್ಲಿ ಒಂದಾದರೂ ಗ್ರೇ ಇದ್ದರೆ ಮಾತ್ರ ಮರಿ ಗ್ರೇ ಆಗುತ್ತದೆ.

ನಮ್ಮ ಲಾಯದಲ್ಲಿ ಹದಿನಾರು ವರ್ಷದ ಒಂದು ಹೆಣ್ಣು ಕುದುರೆ ಇತ್ತು. ಹುಡುಕಿದರೂ ಮೈಮೇಲೆ ಒಂದು ಕಪ್ಪು ಕೂದಲು ಸಿಗುತ್ತಿರಲಿಲ್ಲ. ಅದರ ದಾಖಲೆಯಲ್ಲಿ ‘ಹಣೆಯಲ್ಲಿ ಬಿಳಿ ಚುಕ್ಕೆ’ ಅಂತ ಬರೆದಿತ್ತು. ಇಡೀ ಬಿಳಿ ಕುದುರೆಯಲ್ಲಿ ಬಿಳಿ ಚುಕ್ಕೆ ಎಲ್ಲಿ ಹುಡುಕುವುದು? ಹಿರಿಯ ಸೈಸ್ (ಕುದುರೆ ನೋಡಿಕೊಳ್ಳುವವರು) ಒಬ್ಬರು ಒಂದು ಚೊಂಬು ನೀರು ತಂದು ಅದರ ಹಣೆಗೆ ಮೆಲ್ಲಗೆ ಸುರಿದರು. ಕೂದಲು ಚರ್ಮಕ್ಕೆ ಅಂಟಿತು. ಮುಖ ಇಡೀ ಸ್ಲೇಟಿನ ಬಣ್ಣಕ್ಕೆ ತಿರುಗಿತು. ನಡು ಹಣೆಯಲ್ಲಿ ರೂಪಾಯಿಯಗಲ ಗುಲಾಬಿ ಚುಕ್ಕೆ ಎದ್ದು ಬಂತು. ಹುಟ್ಟಿನಲ್ಲಿ ಚುಕ್ಕೆ ಇದ್ದ ಜಾಗದಲ್ಲಿ ಚರ್ಮವೂ ಗುಲಾಬಿಯೇ ಇರುತ್ತದೆ, ಅದು ನರೆಯುವುದರಿಂದ ಬದಲಾಗುವುದಿಲ್ಲ. ಹಣೆ ಒಣಗುತ್ತಿದ್ದಂತೆ ಚುಕ್ಕೆ ಮತ್ತೆ ಬಿಳಿಯೊಳಗೆ ಸೇರಿಹೋಯಿತು. ಆಮೇಲೆ ಎಷ್ಟು ಸಲ ಅದನ್ನು ತೊಳೆದೆನೋ, ಪ್ರತಿ ಸಲ ಆ ಚುಕ್ಕೆಗೆ ಕಾಯುತ್ತಿದ್ದೆ. ಸಂಜೆ ಸವಾರಿ ಮುಗಿಸಿ ಕುದುರೆ ತೊಳೆಯುವ ಹೊತ್ತಿಗೆ ಹೋದರೆ ನಿಮಗೂ ಇದು ಕಾಣಬಹುದು.

ಇನ್ನು ನಿಮ್ಮ ನೀಲಿ ಕಣ್ಣಿನ ಕುದುರೆ. ಗುಲಾಬಿ ಚರ್ಮ, ತಿಳಿ ನೀಲಿ ಕಣ್ಣು, ಕೆನೆ ಮೈ, ಮೂರೂ ಇದ್ದರೆ ಅದು ಹೆಚ್ಚಾಗಿ ಬಣ್ಣ ತೆಳು ಮಾಡುವ ಕ್ರೀಮ್ ಜೀನಿನ ಎರಡು ಪ್ರತಿ ಇರುವ ಕುದುರೆ. ಕಣ್ಣ ಚಹಾಕ್ಕೆ, ಅಂದರೆ ಕಪ್ಪು ಚಹಾಕ್ಕೆ, ಹಾಲು ಹಾಕುವುದನ್ನು ನೆನೆಸಿಕೊಳ್ಳಿ. ಕೆಂಚು ಕುದುರೆಗೆ ಈ ಜೀನ್ ಒಂದು ಪಾಲು ಬಿದ್ದರೆ ಮೈ ಚಿನ್ನದ ಬಣ್ಣ, ಕುತ್ತಿಗೆ ಮತ್ತು ಬಾಲದ ಕೂದಲು ಬಿಳಿ. ಅದು ಪ್ಯಾಲೊಮಿನೊ. ಎರಡು ಪಾಲು ಬಿದ್ದರೆ ಕ್ರೆಮೆಲ್ಲೊ. ಬಾಲ, ಕಾಲು ಕಪ್ಪಗಿರುವ ಕಂದು ಕುದುರೆಗೆ ಒಂದು ಪಾಲು ಬಿದ್ದರೆ ಬಕ್‌ಸ್ಕಿನ್: ಮೈ ಮಾತ್ರ ಹಳದಿ, ಬಾಲ, ಕಾಲು ಕಪ್ಪಾಗಿಯೇ ಉಳಿಯುತ್ತದೆ. ಎರಡು ಬಿದ್ದರೆ ಪರ್ಲಿನೊ. ಅದರ ಬಾಲದ ಕೂದಲು ಮೈಗಿಂತ ಒಂದು ಚೂರು ಗಾಢ ಇರುತ್ತದೆ. ಕ್ರೆಮೆಲ್ಲೊ, ಪರ್ಲಿನೊ ಯಾವುದು ಅಂತ ಬರಿಗಣ್ಣಿಗೆ ಖಚಿತವಾಗಿ ಹೇಳುವುದು ಕಷ್ಟ. ಬುಡ ಸಮೇತ ಕಿತ್ತ ಕೂದಲನ್ನು ಜೀನ್ ಪರೀಕ್ಷೆಗೆ ಕೊಟ್ಟರೆ ಗೊತ್ತಾಗುತ್ತದೆ.

ಎರಡು ಪ್ಯಾಲೊಮಿನೊ ಕೂಡಿಸಿದರೆ ಮರಿ ಪ್ಯಾಲೊಮಿನೊ ಆಗಿಯೇ ಹುಟ್ಟುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ಆಗುವುದಿಲ್ಲ. ನಾಲ್ಕರಲ್ಲಿ ಸರಾಸರಿ ಎರಡು ಪ್ಯಾಲೊಮಿನೊ, ಒಂದು ಕೆಂಚು, ಒಂದು ಕ್ರೆಮೆಲ್ಲೊ.

ಚರ್ಮ ಗುಲಾಬಿ, ಮೈ ಅಚ್ಚ ಬಿಳಿ, ಆದರೆ ಕಣ್ಣು ಕಪ್ಪು ಇದ್ದರೆ ವಿಷಯ ಬೇರೆ. ಅದು ಹುಟ್ಟು ಬಿಳಿ, ಅದರ ಹಿಂದಿರುವ ಜೀನೂ ಬೇರೆ. ಆಲ್ಬಿನೊ ಪ್ರಾಣಿಯ ಮೈಯಲ್ಲಿ ಬಣ್ಣವೇ ತಯಾರಾಗುವುದಿಲ್ಲ. ಕ್ರೆಮೆಲ್ಲೊದಲ್ಲಿ ಬಣ್ಣ ಇದೆ, ತುಂಬಾ ತೆಳುವಾಗಿದೆ ಅಷ್ಟೆ.

ಉತ್ತರದ ವ್ಯಾಪಾರಿಗಳು ಗುಲಾಬಿ ಚರ್ಮದ ಬಿಳಿ ಕುದುರೆಗೆ ‘ನುಕ್ರಾ’ ಅನ್ನುತ್ತಾರೆ, ಗ್ರೇಗೆ ‘ಸಬ್ಜಾ’. ನುಕ್ರಾ ಅಂದರೆ ಪಾರಸಿಯಲ್ಲಿ ಬೆಳ್ಳಿ. ಆದರೆ ನುಕ್ರಾ ಅನ್ನುವುದು ಕಣ್ಣಿಗೆ ಕಂಡ ರೂಪದ ಹೆಸರು. ಅದನ್ನು ಕೇಳಿ ಜೀನ್ ಯಾವುದು ಅಂತ ಹೇಳಲು ಆಗುವುದಿಲ್ಲ.

ಹೆಸರು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವರೂ ಇದ್ದಾರೆ. ನನ್ನ ಸಂಬಂಧಿಕರೊಬ್ಬರು ಮದುವೆ ಸಾರೋಟಿಗೆ ಅಂತ ಜೋಡಿ ಕಪ್ಪು ಕುದುರೆ ತಂದರು. ಒಂದರ ಕಣ್ಣಿನ ಸುತ್ತ ಬಿಳಿ ಕೂದಲು ಇತ್ತು. ಮಾರಿದವ ಅದನ್ನು ಹಳೆಯ ಗಾಯದ ಕಲೆ ಅಂದ. ಎರಡು ವರ್ಷದಲ್ಲಿ ಜೋಡಿ ಮುರಿಯಿತು. ಒಂದು ಕಪ್ಪು, ಇನ್ನೊಂದು ಬೂದಿ ಬಣ್ಣ. ಕುದುರೆ ತುಂಬಾ ಒಳ್ಳೆಯದು, ಅದರದ್ದೇನು ತಪ್ಪು?

ಸಾಕುವವರಿಗೂ ಈ ಹೆಸರು ಬೇಕು. ಹದಿನೈದು ವರ್ಷ ದಾಟಿದ ಗ್ರೇ ಕುದುರೆಗಳಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಕುದುರೆಗಳಿಗೆ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಗಂಟು ಬರುತ್ತದೆ ಅಂತ ಪಶುವೈದ್ಯರು ಹೇಳುತ್ತಾರೆ. ಹೆಚ್ಚಾಗಿ ಬಾಲದ ಅಡಿಯಲ್ಲಿ. ತೊಳೆಯುವಾಗ ಬಾಲ ಎತ್ತಿ ಕೈಯಾಡಿಸಿ ನೋಡುವ ಅಭ್ಯಾಸ ಇರಬೇಕು. ಗುಲಾಬಿ ಚರ್ಮದವಕ್ಕೆ ನಮ್ಮ ಕರಾವಳಿಯ ಬಿಸಿಲೇ ದೊಡ್ಡ ಕಷ್ಟ. ಮೂತಿ ಸುಟ್ಟು ಕೆಂಪಾಗುತ್ತದೆ, ಸಿಪ್ಪೆ ಏಳುತ್ತದೆ. ಮುಂದಿನ ಸಲ ಮಲ್ಪೆಗೆ ಹೋದಾಗ ಆ ನೀಲಿ ಕಣ್ಣಿನ ಕುದುರೆಯ ಮೂತಿ ಹತ್ತಿರದಿಂದ ನೋಡಿ. ಸಿಪ್ಪೆ ಎದ್ದಿದ್ದರೆ ಕುದುರೆಯವರಿಗೆ ಮೆಲ್ಲಗೆ ಹೇಳಿ: ನಡು ಮಧ್ಯಾಹ್ನ ಅದನ್ನು ಮರಳಿಗೆ ಇಳಿಸುವುದು ಬೇಡ, ನೆರಳಿನಲ್ಲಿ ಕಟ್ಟಲಿ. ಮೂತಿಗೆ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಬಹುದಾ ಅಂತ ಪಶುವೈದ್ಯರನ್ನು ಒಮ್ಮೆ ಕೇಳಲಿ.