ಪ್ರತಿಕ್ರಿಯೆ: ಚಿಕ್ಕ ಮಕ್ಕಳೊಂದಿಗೆ ಬೀದರ ಉತ್ಸವ

ಐದು ಮತ್ತು ಒಂಬತ್ತು ವರ್ಷದ ಮಕ್ಕಳೊಂದಿಗೆ ಯಾದಗಿರಿಯಿಂದ ಬೀದರ ಉತ್ಸವಕ್ಕೆ ಬಂದರೆ ರಾತ್ರಿಯ ಮುಖ್ಯ ವೇದಿಕೆಯವರೆಗೆ ಕಾಯಬೇಕೆ ಎಂದು ತಾವು ಕೇಳಿದ್ದೀರಿ. ಬೇಡವೆಂಬುದೇ ನನ್ನ ಅಭಿಪ್ರಾಯ. ಸನ್ಮಾನ, ಭಾಷಣಗಳೆಲ್ಲ ಮುಗಿದು ಹೆಸರಾಂತ ಗಾಯಕರು ಬರುವ ಹೊತ್ತಿಗೆ ಕಿರಿಯ ಮಗು ನಿಮ್ಮ ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ. ಅದರ ಮೇಲೆ, 2023ರಂತೆ ಜನವರಿಯಲ್ಲಿ ಕೋಟೆಯ ಬಯಲಿನಲ್ಲಿ ಉತ್ಸವ ನಡೆದರೆ ಬೀದರಿನ ಚಳಿಗೆ ಸ್ವೆಟರ್ ಒಂದೇ ಸಾಲದು.

ಮಧ್ಯಾಹ್ನವೇ ಬನ್ನಿ. ಬಿದರಿ ಕುಶಲಕರ್ಮಿಗಳು ಕುಳಿತಿದ್ದರೆ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲಿ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದನ್ನೂ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರವೆಂಬ ಲವಣ ಬೆರೆಸಿದ ದ್ರಾವಣ ತಾಗಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುವುದನ್ನೂ ಕಂಡರೆ ಹಿರಿಯ ಮಗು ಅಲ್ಲಿಂದ ಕದಲಲು ಒಪ್ಪುವುದಿಲ್ಲ. (ದೊಡ್ಡವರೂ ಅಷ್ಟೇ.)

ಜನಪದ ಕಲಾತಂಡಗಳ ಮೆರವಣಿಗೆಯಿದ್ದರೆ ತಪ್ಪಿಸಬೇಡಿ, ಆದರೆ ಹಲಗೆ, ಡೊಳ್ಳುಗಳಿಗೂ ಧ್ವನಿವರ್ಧಕಗಳಿಗೂ ತುಸು ದೂರದಲ್ಲಿ ನಿಲ್ಲಿ. ಕೋಟೆಯೊಳಗೆ ಪಾಳುಗೋಡೆಗಳೂ ಏರುತಗ್ಗುಗಳೂ ಇರುವುದರಿಂದ ಕಿರಿಯ ಮಗುವಿನ ಕೈ ಬಿಡಬೇಡಿ, ಇಬ್ಬರ ಜೇಬಿನಲ್ಲಿಯೂ ನಿಮ್ಮ ಮೊಬೈಲ್ ಸಂಖ್ಯೆ ಬರೆದ ಚೀಟಿ ಇಡಿ. ಊಟ, ನೀರು ಮನೆಯಿಂದಲೇ ತರುವುದು ಮೇಲು. ಸಂಜೆಯ ಮೊದಲ ನೃತ್ಯ ಮುಗಿದೊಡನೆ ಹೊರಟರೆ ಕೋಟೆ ಬಾಗಿಲಿನ ನೂಕುನುಗ್ಗಲೂ ತಪ್ಪುತ್ತದೆ.