ಮಗ ಸೀರಿಯಲ್‌ಗೆ ಆಯ್ಕೆಯಾಗಿದ್ದಾನೆ. ‘ಹನಿ ಬಾಯ್’ ಸಿನಿಮಾ ನೋಡಬೇಕಾ? ಅದು ನಿಜ ಕತೆಯಾ?

ಖಂಡಿತ ನೋಡಿ. ಆದರೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇಡ. ಬೈಗುಳ, ಕುಡಿತ, ಹೊಡೆತ ಎಲ್ಲ ಇದೆ. ಗಂಡ ಹೆಂಡತಿ ಇಬ್ಬರೇ ಕೂತು ನೋಡಿ, ಒಂದೂವರೆ ಗಂಟೆಯ ಇಂಗ್ಲಿಷ್ ಸಿನಿಮಾ.

ನೀವು ಗುಬ್ಬಿಯವರು, ಮಗನಿಗೆ ಬೆಂಗಳೂರಿನಲ್ಲಿ ಅವಕಾಶ ಸಿಕ್ಕಿದೆ, ನಿಮ್ಮ ಯಜಮಾನರು ಕೆಲಸ ಬಿಟ್ಟು ಮಗನ ಜೊತೆಗೇ ಇರುತ್ತೇನೆ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಆ ಕೊನೆಯ ಮಾತು ಓದಿಯೇ ನಾನು ಉತ್ತರ ಬರೆಯಲು ಕೂತೆ. ನಾನು ತುಮಕೂರಿನಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಅಪ್ಪ ಬೇರೆ ಕೆಲಸವಿಲ್ಲದೆ ಮಗನ ಜೊತೆಗಿರುವ ಆ ವಿಷಯದಲ್ಲೇ ಈ ಸಿನಿಮಾದ ಜೀವ ಇರುವುದು.

ಕತೆಯಲ್ಲಿ ಓಟಿಸ್ ಹನ್ನೆರಡು ವರ್ಷದ ಹುಡುಗ, ಟೀವಿ ನಟ. ಅಪ್ಪ ಹಿಂದೆ ಗೂಳಿ ಸವಾರಿ ಆಟಗಳಲ್ಲಿ ಕೋಡಂಗಿಯಾಗಿದ್ದವನು. ಈಗ ಅವನಿಗೆ ಬೇರೆ ಕೆಲಸವಿಲ್ಲ. ಮಗನನ್ನು ನೋಡಿಕೊಳ್ಳುವುದೇ ಕೆಲಸ, ಅದಕ್ಕೆ ಮಗನ ದುಡಿಮೆಯಿಂದಲೇ ಸಂಬಳ. ಇಬ್ಬರೂ ಒಂದು ಸಾಧಾರಣ ಮೋಟೆಲ್‌ನಲ್ಲಿ ಇರುತ್ತಾರೆ. ಮಗನ ಹೆಸರು ಮೇಲೇರಿದಷ್ಟೂ ಅಪ್ಪ ಒಳಗೊಳಗೇ ಕುದಿಯುತ್ತಾನೆ. ಮಗನ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಮಗನ ಮುಂದೆ ಕೈ ಚಾಚಬೇಕಲ್ಲ ಅನ್ನುವ ಅವಮಾನ ಅವನನ್ನು ತಿನ್ನುತ್ತದೆ. ಸಿಟ್ಟು ಬಂದಾಗ ಅದೆಲ್ಲ ಹುಡುಗನ ಮೇಲೆ ಬೀಳುತ್ತದೆ.

ಒಂದು ದೃಶ್ಯ ನನಗೆ ಮರೆಯಲು ಆಗುವುದೇ ಇಲ್ಲ. ಅಮ್ಮ ಫೋನಿನಲ್ಲಿ, ಅಪ್ಪ ರೂಮಿನಲ್ಲಿ. ಇಬ್ಬರಿಗೂ ಜಗಳ, ಆದರೆ ನೇರವಾಗಿ ಮಾತಾಡುವುದಿಲ್ಲ. ಅಮ್ಮ ಬೈದದ್ದನ್ನು ಹುಡುಗ ಅಪ್ಪನಿಗೆ ಹೇಳಬೇಕು, ಅಪ್ಪ ಬೈದದ್ದನ್ನು ಅಮ್ಮನಿಗೆ. ಅವನು ಅವರವರ ದನಿಯಲ್ಲೇ, ಅದೇ ಸಿಟ್ಟಿನಲ್ಲೇ ಒಪ್ಪಿಸುತ್ತಾನೆ. ನೋವಾ ಜೂಪ್ ಎನ್ನುವ ಆ ಹುಡುಗನ ಅಭಿನಯ ಅಷ್ಟು ಚೆನ್ನಾಗಿದೆ, ಅದಕ್ಕೇ ನೋಡಲು ಕಷ್ಟ. ಓಟಿಸ್ ನಟನೆ ಕಲಿತದ್ದು ಮನೆಯಲ್ಲೇ, ಬೇರೆ ದಾರಿ ಇಲ್ಲದೆ ಕಲಿತದ್ದು ಅಂತ ಆಗ ಗೊತ್ತಾಗುತ್ತದೆ.

ಇನ್ನು ನಿಜವಾ ಅಂದರೆ, ಬಹುಪಾಲು ಹೌದು. ಬರೆದವನು ಶಿಯಾ ಲಬಫ್. ಬಾಲನಟನಾಗಿ ಡಿಸ್ನಿ ಟೀವಿಯಲ್ಲಿ ಹೆಸರು ಮಾಡಿ, ಆಮೇಲೆ ‘ಟ್ರಾನ್ಸ್‌ಫಾರ್ಮರ್ಸ್’ನಲ್ಲಿ ನಟಿಸಿದವನು. 2017ರಲ್ಲಿ ಕುಡಿದು ಗಲಾಟೆ ಮಾಡಿ ಬಂಧನವಾಗಿ, ಕುಡಿತ ಬಿಡಿಸುವ ಕೇಂದ್ರ ಸೇರಿದ. ಅಲ್ಲಿ ಚಿಕಿತ್ಸೆಯ ಭಾಗವಾಗಿ ಬರೆದದ್ದೇ ಈ ಚಿತ್ರಕತೆ ಆಯಿತು. ಅಪ್ಪನ ಪಾತ್ರವನ್ನೂ ಅವನೇ ಮಾಡಿದ್ದಾನೆ. ನಿರ್ದೇಶಕಿ ಆಲ್ಮಾ ಹರೆಲ್. 2019ರ ಸಂಡಾನ್ಸ್ ಚಿತ್ರೋತ್ಸವದಲ್ಲಿ ವಿಶೇಷ ಪ್ರಶಸ್ತಿಯೂ ಬಂತು.

ಆದರೆ 2022ರಲ್ಲಿ ಲಬಫ್‌ನೇ ಒಂದು ಪಾಡ್‌ಕಾಸ್ಟ್‌ನಲ್ಲಿ ಬೇರೆ ಮಾತು ಹೇಳಿದ. ಅಪ್ಪ ಸಿನಿಮಾದಲ್ಲಿ ತೋರಿಸಿದ ಹಾಗೆ ಹಿಂಸೆ ಕೊಡುತ್ತಿರಲಿಲ್ಲ, ಅವರಿಗೆ ನಾನು ಅನ್ಯಾಯ ಮಾಡಿದೆ ಎಂದ. ಅದೇ ಸಿನಿಮಾದಲ್ಲಿ ನಟಿಸಿದ ಗಾಯಕಿ ಎಫ್‌ಕೆಎ ಟ್ವಿಗ್ಸ್ 2020ರಲ್ಲಿ ಅವನ ಮೇಲೆ ದೌರ್ಜನ್ಯದ ಆರೋಪ ಹೊರಿಸಿ ಕೋರ್ಟಿಗೆ ಹೋಗಿದ್ದರು. ಇದೆಲ್ಲ ಗೊತ್ತಿದ್ದೂ ನನಗೆ ಈ ಸಿನಿಮಾ ಮುಖ್ಯವೇ. ಒಬ್ಬ ಮಗನ ನೆನಪು ಅಂತ ನೋಡಿ, ತೀರ್ಪು ಅಂತ ಬೇಡ.

ನಿಮ್ಮ ಊರಿನ ವಿಷಯವನ್ನೇ ತೆಗೆದುಕೊಳ್ಳಿ. ಗುಬ್ಬಿ ಕಂಪನಿಯಲ್ಲಿ ಎಷ್ಟು ಮಕ್ಕಳು ಬೆಳೆದರು! ವೀರಣ್ಣನವರೇ ಚಿಕ್ಕ ಹುಡುಗನಾಗಿ ಬಣ್ಣ ಹಚ್ಚಿದವರು. ರಾಜ್‌ಕುಮಾರ್ ಅಪ್ಪನ ಜೊತೆ ಬಂದು ಅಲ್ಲೇ ಪಾತ್ರ ಮಾಡುತ್ತಾ ಕಲಿತರು. ಕಷ್ಟ ಅಲ್ಲೂ ಇತ್ತು. ಆದರೆ ರಾಜ್‌ಕುಮಾರ್ ಅವರ ಅಪ್ಪ ಪುಟ್ಟಸ್ವಾಮಯ್ಯನವರು ತಾವೇ ದೊಡ್ಡ ನಟರು. ಅವರಿಗೆ ಅವರದೇ ದುಡಿಮೆ ಇತ್ತು, ಮಗನ ಸಂಬಳಕ್ಕೆ ಕಾಯಬೇಕಿರಲಿಲ್ಲ. ಮಕ್ಕಳು ನಟಿಸುವುದರಲ್ಲಿ ತಪ್ಪೇನಿಲ್ಲ, ಅದು ಎಂಥ ಖುಷಿ ಅಂತ ನಾನು ದಿನಾ ನೋಡುತ್ತೇನೆ. ಮನೆ ಖರ್ಚು ಮಗುವಿನ ಮುಖ ನೋಡಿಕೊಂಡು ನಡೆಯಲು ಶುರುವಾದಾಗ ಆ ಖುಷಿ ಹೋಗುತ್ತದೆ. ‘ಅಪ್ಪಾ, ಇವತ್ತು ಶೂಟಿಂಗ್ ಬೇಡ’ ಅಂತ ಹೇಳಲು ಅವನಿಗೆ ಆಗುವುದಿಲ್ಲ, ಅಲ್ವಾ?

ಹಾಗಾಗಿ ನಿಮ್ಮ ಯಜಮಾನರು ಕೆಲಸ ಬಿಡುವುದು ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ರಜೆ ಹಾಕಲಿ, ಅಜ್ಜಿಯೋ ಸೋದರಮಾವನೋ ಸರದಿ ಮೇಲೆ ಜೊತೆಗಿರಲಿ.

ಕಾನೂನೂ ನಿಮ್ಮ ಕಡೆ ಇದೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. ಅದರ ಪ್ರಕಾರ ಹದಿನಾಲ್ಕು ತುಂಬದ ಕಲಾವಿದರು ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ. ಬಿಡುವಿಲ್ಲದೆ 3 ಗಂಟೆ ಮೀರಬಾರದು. ಸತತವಾಗಿ 27 ದಿನಕ್ಕಿಂತ ಜಾಸ್ತಿ ಇಲ್ಲ. ಶಾಲೆ ತಪ್ಪಬಾರದು. ಮಗುವಿಗೆ ಇಷ್ಟವಿಲ್ಲದಿದ್ದರೆ ಮಾಡಿಸುವ ಹಾಗೇ ಇಲ್ಲ. ಬಂದ ಹಣದಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವನ ಹೆಸರಿಗೇ ಠೇವಣಿ ಇಡಬೇಕು. ನನ್ನ ಅಭಿಪ್ರಾಯ ಕೇಳಿದರೆ ಪೂರ್ತಿ ಹಣವನ್ನೇ ಇಡಿ.

ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ನಿರ್ಮಾಪಕರು ಅನುಮತಿ ತೆಗೆದುಕೊಳ್ಳಬೇಕು. ನಿಮ್ಮದು ಬೆಂಗಳೂರು ಅಂದಮೇಲೆ ಅಲ್ಲಿನ ಡಿಸಿ ಆಫೀಸಿನದು. ಸಹಿ ಹಾಕುವ ಮುಂಚೆ ಅದರ ನಕಲು ಕೇಳಿ. ಕೊಡದೆ ಸುಮ್ನೆ ಮುಂದೂಡಿದರೆ ಸಹಿ ಹಾಕಬೇಡಿ.