ಕೆಲಸಗಾರರಿಗೆ ಸಂಸ್ಥೆಯ ತೀರ್ಮಾನಗಳಲ್ಲಿ ಮತ ಇರಬೇಕೇ?

ಇರಲೇಬೇಕು. ಕಾಸರಗೋಡಿನ ನಮ್ಮ ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರು. ತಡ್ಪೆ (ಮೊರ) ಮಡಿಲಲ್ಲಿಟ್ಟು ಕೂತು, ಎಲೆ ಮುಟ್ಟಿದ ಕೂಡಲೇ "ಇದು ಒಡೀತದೆ" ಅನ್ನುವರು. ಎಲೆ ಆರಿಸುವವರು ಮಾತ್ರ ಬೇರೆ ಯಾರೋ. ಬೀಡಿ ತಿರಸ್ಕಾರವಾದರೆ ನಷ್ಟ ಅಮ್ಮನದ್ದು. ನಷ್ಟ ಹೊರುವವರಿಗೆ ಮಾತಿಲ್ಲವೆಂದರೆ ಯಾವ ನ್ಯಾಯ?

ಪಕ್ಕದ ಕಣ್ಣೂರನ್ನೇ ನೋಡಿ. ಕೆಲಸಗಾರರಿಗೆ ಸೌಲಭ್ಯ ಕೊಡಲೇಬೇಕೆಂದ 1966ರ ಬೀಡಿ ಕಾರ್ಮಿಕರ ಕಾಯ್ದೆ ಜಾರಿಗೆ ಬಂದಾಗ ಖಾಸಗಿ ಮಾಲೀಕರು ಬಾಗಿಲು ಮುಚ್ಚಿದರು. ಕೆಲಸ ಹೋದವರು ಸರ್ಕಾರದ ನೆರವಿನಿಂದ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಅದರಡಿಯ ಪ್ರಾಥಮಿಕ, ಅಂದರೆ ಊರೂರಿನ, ಸಂಘಗಳಿಗೆ ಕಾರ್ಮಿಕರೇ ಮತ ಹಾಕಿ ಹೆಚ್ಚಿನ ನಿರ್ದೇಶಕರನ್ನು ಆರಿಸಿದರು. ಮುಂದೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿದರು. ಬೀಡಿಗೆ ಬೇಡಿಕೆ ಕುಸಿದಾಗ ಸಂಘ ಕೊಡೆ, ಆಹಾರ ಪದಾರ್ಥಗಳತ್ತ ಹೊರಳಿತು.

ದಿನದ ಪ್ರತಿ ಕೆಲಸಕ್ಕೂ ಮತ ಬೇಡ. ಕೂಲಿ, ಕಚ್ಚಾಮಾಲು, ಲೆಕ್ಕಪತ್ರ, ಈ ಮೂರಕ್ಕಂತೂ ಬೇಕು.